ಕಾಯಿ ಕಚ್ಚದ ವರ್ಷ

ಗಂಡ ನೇಮತ್ ಅಕ್ರೋಟಿನ ಮರದಿಂದ ಬಿದ್ದು ಸತ್ತ ವಾರದಲ್ಲೇ ಸನೋಬರ್ ಅರ್ಧ ಕಾಡನ್ನು ಬಿಟ್ಟುಕೊಟ್ಟಿದ್ದಳು. ಯಾರೂ ಅದನ್ನು ಕಿತ್ತುಕೊಂಡಿರಲಿಲ್ಲ. ಅವಳಿಗೆ ನುಂಗಲಾಗದೆ ಉಳಿದದ್ದು ಅದೇ. ಹೆಂಗಸರು ಅಳುತ್ತ ಕೂತಿದ್ದ ಕೋಣೆಯ ಬಾಗಿಲಿಗೆ ಊರಿನ ಹಿರಿಯ ಶೋಕಿರ್ ಅಜ್ಜ ಬಂದು, ಹೊಸಿಲಾಚೆಯೇ ನಿಂತು ಗಂಟಲು ಸರಿಮಾಡಿಕೊಂಡಿದ್ದರು.

"ಮಗಳೇ, ಒಬ್ಬಳೇ ಹೆಂಗಸು ಅಷ್ಟು ಮರ ನೋಡ್ಕೊಳ್ಳೋದು ಆಗದ ಮಾತು. ಮೇಲಿನ ಅರ್ಧ ನಿನ್ನ ಮೈದುನ ಯುಲ್ದಾಶ್‌ಗಿರಲಿ. ಕೆಳಗಿಂದು ನಿನಗೆ. ಒಂದೇ ಅಂಗಳದಲ್ಲಿ ಇರೋರು, ಎಲ್ಲಿಗೆ ಹೋಗುತ್ತೆ?"

ಅವಳು ತಲೆಯಾಡಿಸಿ, ತೋರಿಸಿದ ಕಡೆ ಸಹಿ ಹಾಕಿದ್ದಳು. ಆ ಹೊತ್ತಿನಲ್ಲಿ ಮನೆಯ ಛಾವಣಿ ಕೊಡುತ್ತೀಯಾ ಎಂದು ಕೇಳಿದ್ದರೂ ಹಾಗೆಯೇ ತಲೆಯಾಡಿಸುತ್ತಿದ್ದಳೇನೋ.

ಬೆಟ್ಟದ ಮೇಲಿನ ಅಕ್ರೋಟು ಕಾಡು ಸರ್ಕಾರದ್ದು. ಊರಿನ ಒಂದೊಂದು ಮನೆಗೂ ಅದರ ಒಂದೊಂದು ತುಂಡು ಗುತ್ತಿಗೆಗೆ ಸಿಕ್ಕಿತ್ತು. ಕಾಯಿ ಮನೆಯವರದು, ಮರ ಎಲ್ಲರದು. ಕಾಯಿ ಉದುರಿಸಿಕೊಳ್ಳುವ ಹಕ್ಕಿಗೆ ಬದಲಾಗಿ ಬೇಲಿ ಕಟ್ಟಬೇಕು, ದನ ನುಗ್ಗದಂತೆ ಕಾಯಬೇಕು, ಒಣಗಿದ ಮರದ ಜಾಗದಲ್ಲಿ ಸಸಿ ನೆಟ್ಟು ಬೆಳೆಸಬೇಕು. ಬದುಕಿರುವ ಮರಕ್ಕೆ ಕೊಡಲಿ ತಾಗಿಸುವಂತಿಲ್ಲ. ಸನೋಬರ್‌ಳ ಪಾಲಿಗೆ ಬಂದ ಕೆಳಗಿನ ಅರ್ಧದಲ್ಲಿ ಇದ್ದದ್ದು ಎಳೆಯ ಮರಗಳು, ಕಾಡುಸೇಬು, ಮುಳ್ಳುಪೊದೆ. ಯುಲ್ದಾಶ್‌ನ ಅರ್ಧದಲ್ಲಿ ಮುತ್ತಜ್ಜನ ಕಾಲದ ಮರಗಳಿದ್ದವು. ಒಳ್ಳೆಯ ವರ್ಷದಲ್ಲಿ ಅವನ ಒಂದು ಮರದ ಫಸಲಿಗೆ ಅವಳ ಇಡೀ ಪಾಲು ಸಮನಾಗುತ್ತಿರಲಿಲ್ಲ.

ಕಾನೂನು ಬೇರೆಯೇ ಹೇಳುತ್ತಿತ್ತೆಂದು ಅವಳಿಗೆ ತಿಳಿದದ್ದು ಮುಂದಿನ ಚಳಿಗಾಲದಲ್ಲಿ, ಸಸಿ ತರಲು ಹೋದಾಗ. ಕಾಡಿನ ಸಮಿತಿಯ ಕೋಣೆಯಲ್ಲಿ, ಒಲೆಯ ಪಕ್ಕದ ಗೋಡೆಗೆ ಗುತ್ತಿಗೆಯ ನಿಯಮಗಳನ್ನು ಅಂಟಿಸಿದ್ದರು. ಹೊಗೆ ಹಿಡಿದು ಅಂಚು ಕಂದಿತ್ತು. ಗುತ್ತಿಗೆದಾರ ಸತ್ತರೆ ಅವನ ಹೆಂಡತಿ ಅದನ್ನು ಹಾಗೆಯೇ ಮುಂದುವರಿಸಬಹುದು. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.

"ಅಜ್ಜಾ, ಇದು ಆವತ್ತೂ ಇಲ್ಲೇ ಇತ್ತಾ?" ಎಂದು ಅವಳು ಅಲ್ಲೇ ಕೂತಿದ್ದ ಶೋಕಿರ್ ಅಜ್ಜನನ್ನು ಕೇಳಿದಳು.

"ಇತ್ತು ಮಗಳೇ. ನೀನು ಕೇಳಲಿಲ್ಲ."

"ನೀವೂ ಹೇಳಲಿಲ್ಲ."

"ಅಳೋ ಮನೇಲಿ ಕೂತು ಕಾನೂನು ಓದೋಕಾಗುತ್ತಾ?" ಎಂದು ಶೋಕಿರ್ ಅಜ್ಜ ಅಕ್ಕರೆಯಿಂದಲೇ ನಕ್ಕು, ಅವಳ ಚಹಾಕ್ಕೆ ಇನ್ನೊಂದು ಸಕ್ಕರೆ ತುಂಡು ಹಾಕಿದರು.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ನೇಮತ್ ಬಿದ್ದ ಸದ್ದು ಕೇಳಿದ ದಿನದಿಂದ ಅವಳೊಳಗೆ ಏನೋ ಮರಗಟ್ಟಿಹೋಗಿತ್ತು. ಹೆಚ್ಚು ಹೊತ್ತು ಮಡಚಿ ಕೂತ ಕಾಲಿನ ಹಾಗೆ; ಅದು ತನ್ನದೇ ಕಾಲು ಎಂದು ಗೊತ್ತು, ಆದರೆ ಚಿವುಟಿದರೆ ತಿಳಿಯದು. ಚಹಾ ಕುಡಿದಳು. ಬಟ್ಟಲು ತಿರುಗಿಸಿ ಇಟ್ಟಳು. ಆಮೇಲೆ, ಹೊತ್ತು ಹೋಗಲೆಂದು, ಗೋಡೆಯ ಉಳಿದ ನಿಯಮಗಳನ್ನೂ ಓದಿದಳು.

ಅವುಗಳಲ್ಲಿ ಒಂದು ಅವಳ ಜೊತೆ ಮನೆಗೆ ಬಂತು. ಗುತ್ತಿಗೆಯ ಜಾಗದಲ್ಲಿ ಬದುಕಿರುವ ಅಕ್ರೋಟಿಗೆ ಕೇಡಾದರೆ, ಮಾಡಿದವರು ಯಾರೆಂದು ತಿಳಿಯದಿದ್ದಲ್ಲಿ ಹೊಣೆ ಗುತ್ತಿಗೆದಾರನದೇ. ಗುತ್ತಿಗೆ ರದ್ದಾಗುತ್ತದೆ. ಆ ಜಾಗವನ್ನು ಮೊದಲು, ತನ್ನ ಕರ್ತವ್ಯ ಸರಿಯಾಗಿ ಮಾಡಿದ ಪಕ್ಕದ ಗುತ್ತಿಗೆದಾರನಿಗೆ ಕೊಡಬೇಕು.

ಯುಲ್ದಾಶ್‌ನ ಜಾಗಕ್ಕೆ ಒಂದು ಕಡೆ ಕಣಿವೆ, ಇನ್ನೊಂದು ಕಡೆ ಬಂಡೆ. ಪಕ್ಕದ ಗುತ್ತಿಗೆ ಎಂದರೆ ಸನೋಬರ್‌ಳದು ಮಾತ್ರ.

ಅವಳು ಅವಸರಪಡಲಿಲ್ಲ. ಎರಡು ವರ್ಷ ತನ್ನ ಕರ್ತವ್ಯ ಮಾಡಿದಳು. ಮುಳ್ಳಿನ ಬೇಲಿ ಹೆಣೆದಳು. ಸಸಿಗಳ ಬುಡಕ್ಕೆ ಹುಲ್ಲು ಹಾಸಿ, ಬೇಸಿಗೆಯಲ್ಲಿ ಕತ್ತೆಯ ಮೇಲೆ ನೀರು ಹೇರಿಕೊಂಡು ಹೋದಳು. ಅರಣ್ಯಾಧಿಕಾರಿ ಕೆನೆಶ್ ಕುದುರೆಯಿಂದ ಇಳಿಯದೆಯೇ ಅವಳ ಸಸಿಗಳನ್ನು ನೋಡಿ, "ಗಂಡಸರನ್ನೆಲ್ಲ ಇಲ್ಲಿಗೆ ಕರ್ಕೊಂಡು ಬಂದು ಪಾಠ ಹೇಳ್ಸಬೇಕು, ಆಪಾ" ಎಂದು ಅಕ್ಕನಿಗೆ ಹೇಳುವಂತೆ ಹೇಳಿದ್ದ. ಅವಳು ತಲೆ ತಗ್ಗಿಸಿದ್ದಳು. ಹೊಗಳಿಕೆಯೂ ಎಲ್ಲೋ ದೂರದ ಮನೆಯವರಿಗೆ ಹೇಳಿದ ಹಾಗೆ ಕೇಳಿಸಿತ್ತು.

ಈ ವರ್ಷ ಎರಡು ಸಂಗತಿಗಳು ಒಟ್ಟಿಗೆ ಬಂದವು. ಒಂದು, ಗುತ್ತಿಗೆಗಳನ್ನು ದೀರ್ಘಕಾಲಕ್ಕೆ ಮಾಡಿಕೊಡುವ ತೀರ್ಮಾನ. ಶರತ್ಕಾಲದ ತಪಾಸಣೆಯಲ್ಲಿ ಯಾರ ಹೆಸರಿನಲ್ಲಿ ಜಾಗ ಇರುತ್ತದೋ ಅದು ಅವರ ಮಕ್ಕಳ ಕಾಲದವರೆಗೂ ಅವರದೇ. ಪಟ್ಟಣದಲ್ಲಿ ದಾದಿಯ ಓದು ಓದುತ್ತಿದ್ದ ಮಗಳು ರೋಬಿಯಾಗೆ ಬಿಟ್ಟುಹೋಗಲು ಸನೋಬರ್‌ಳ ಬಳಿ ಇದ್ದದ್ದು ಮುಳ್ಳುಪೊದೆ.

ಇನ್ನೊಂದು, ಹಿಮ. ಮರಗಳು ಹೂಬಿಟ್ಟು ನಿಂತ ಹೊತ್ತಿಗೆ, ವಸಂತದ ನಡುವೆ, ಒಂದು ರಾತ್ರಿಯ ಚಳಿ ಇಡೀ ಬೆಟ್ಟದ ಹೂವನ್ನು ಸುಟ್ಟು ಕರಕಲು ಮಾಡಿತು. ಒಂದು ಮರದಲ್ಲೂ ಕಾಯಿ ಕಚ್ಚಲಿಲ್ಲ. ಊರಿನವರು ಕಣ್ಣೀರು ಹಾಕಿದರು. ಸನೋಬರ್ ಯೋಚಿಸಿದಳು. ಪ್ರತಿ ಶರತ್ಕಾಲ ಊರಿಗೆ ಊರೇ ಬೀಗ ಹಾಕಿಕೊಂಡು ಕಾಡು ಸೇರುತ್ತದೆ. ಮರಮರದ ಕೆಳಗೂ ಡೇರೆ, ಕೊಂಬೆಕೊಂಬೆಯ ಮೇಲೂ ಗಂಡಸರು, ಹೊಗೆ, ಹಾಡು, ಕೋಳಿ, ತೊಟ್ಟಿಲು. ಆಗ ಒಂದು ಕಡ್ಡಿ ಮುರಿದರೂ ನಾಲ್ಕು ಜನ ತಿರುಗಿ ನೋಡುತ್ತಾರೆ. ಈ ವರ್ಷ ಯಾರೂ ಹೋಗುವುದಿಲ್ಲ. ಕಾಡು ಖಾಲಿ ಬಿದ್ದಿರುತ್ತದೆ. ಅವಳಿಗೆ ಬೇಕಿದ್ದ ಒಂದೇ ವಸ್ತುವನ್ನು, ಯಾರೂ ನೋಡದ ಒಂದು ಬೆಳಗನ್ನು, ಹಿಮ ತಂದುಕೊಟ್ಟಿತ್ತು.

ಯುಲ್ದಾಶ್‌ನ ಮೇಲೆ ಅನುಮಾನ ಬರಲು ಕಾರಣವನ್ನೂ ತಂದುಕೊಟ್ಟಿತ್ತು: ಕಾಯಿಯಿಲ್ಲದ ವರ್ಷ ಎಲ್ಲರಿಗೂ ಹಣದ ಮುಗ್ಗಟ್ಟು. ಹಳೆಯ ಅಕ್ರೋಟಿನ ಬುಡದಲ್ಲಿ ಉಬ್ಬಿ ಬೆಳೆಯುವ ಮರದ ಗಂಟಿಗೆ, ಪೀಠೋಪಕರಣದ ಕೆಲಸಕ್ಕೆ, ದೂರದೇಶಗಳಲ್ಲಿ ಚಿನ್ನದ ಬೆಲೆ. ಹಸಿ ಮರದಿಂದ ಅದನ್ನು ಕೊಯ್ದರೆ ಜೈಲು. ಒಣಗಿ ಸತ್ತ ಮರದ್ದಾದರೆ ಅನುಮತಿ ಪಡೆದು ಮಾರಬಹುದು. ಅದಕ್ಕೇ ಆಸೆಬುರುಕರು ಮರವನ್ನು ತಾವಾಗಿ ಒಣಗಿದಂತೆ ಕಾಣುವ ಹಾಗೆ ಕೊಲ್ಲುತ್ತಾರೆ: ಬುಡದ ಮಣ್ಣು ಬಿಡಿಸಿ, ನೆಲಮಟ್ಟಕ್ಕಿಂತ ಕೆಳಗೆ ಸುತ್ತಲೂ ತೊಗಟೆ ಸುಲಿದು, ಮತ್ತೆ ಮಣ್ಣು ಮುಚ್ಚಿಬಿಡುತ್ತಾರೆ. ಮೇಲಿನಿಂದ ಕೆಳಗೆ ಆಹಾರ ಇಳಿಯದೆ ಬೇರು ಸಾಯುತ್ತದೆ. ಈ ವಿದ್ಯೆ ಊರಿನ ಮಕ್ಕಳಿಗೂ ಗೊತ್ತು. ಬೇಸಿಗೆಯಲ್ಲಿ ಗಂಟು ಕೊಳ್ಳುವವನೊಬ್ಬ ಬಿಳಿ ಕಾರಿನಲ್ಲಿ ಬಂದು ಯುಲ್ದಾಶ್‌ನ ಅಂಗಳದಲ್ಲಿ ಚಹಾ ಕುಡಿದು ಹೋಗಿದ್ದ. ಯುಲ್ದಾಶ್ ಅವನನ್ನು ನಗಿಸಿ ನಗಿಸಿ ಬರಿಗೈಲಿ ಸಾಗಹಾಕಿದ್ದ. ಆದರೆ ಬೀದಿಯವರು ನೋಡಿದ್ದು ಕಾರನ್ನು, ನಗುವನ್ನಲ್ಲ.

ಹಾಗಾಗಿ ಅವಳು ಏನನ್ನೂ ಹುಟ್ಟಿಸಬೇಕಿರಲಿಲ್ಲ. ಒಂದು ಸುಳ್ಳನ್ನೂ ಹೇಳಬೇಕಿರಲಿಲ್ಲ. ಮರಕ್ಕೆ ಗಾಯವಾದರೆ ಸಾಕು, ಅನುಮಾನ ತಾನಾಗಿ ಯುಲ್ದಾಶ್‌ನ ಬಾಗಿಲು ತಟ್ಟುತ್ತದೆ. ಅನುಮಾನ ರುಜುವಾತಾಗದಿದ್ದರೂ ಗೋಡೆಯ ಮೇಲಿನ ನಿಯಮ ಉಳಿದ ಕೆಲಸ ಮುಗಿಸುತ್ತದೆ. ಆವತ್ತು ತನಗೆ ಯಾರೂ ಓದಿ ಹೇಳದ ಕಾನೂನು ಈಗ ತನ್ನ ಕೂಲಿಯಾಳು. ಸಿಕ್ಕಿಬಿದ್ದರೆ ಮಾತ್ರ ತನ್ನ ಅರ್ಧವೂ ಹೋಗುತ್ತದೆ, ಜೈಲೂ ತಪ್ಪುವುದಿಲ್ಲ, ರೋಬಿಯಾಗೆ ಮುಳ್ಳುಪೊದೆಯೂ ಉಳಿಯುವುದಿಲ್ಲ. ಆ ಯೋಚನೆಯನ್ನೂ ಅವಳು ಅಕ್ಕಿಯೊಳಗಿನ ಕಲ್ಲಿನಂತೆ ಆರಿಸಿ, ನೋಡಿ, ಪಕ್ಕಕ್ಕಿಟ್ಟಳು.

ಯಾವ ಮರ ಎಂಬುದನ್ನು ಆರಿಸಲು ಕಷ್ಟವಾಗಲಿಲ್ಲ. ನೇಮತ್ ಬಿದ್ದ ಮರ. ಅದರ ಬುಡದಲ್ಲಿ ಕುರಿಯಷ್ಟು ದೊಡ್ಡ ಗಂಟಿತ್ತು. ಆ ಮರದ ಮೇಲೆ ಅವಳಿಗೆ ಹಗೆಯಿರಲಿಲ್ಲ, ಮರುಕವೂ ಇರಲಿಲ್ಲ. ಅದು ದಾರಿಗೆ ಹತ್ತಿರವಿತ್ತು, ತಪಾಸಣೆಯವರ ಕಣ್ಣಿಗೆ ಖಂಡಿತ ಬೀಳುತ್ತಿತ್ತು.

ತಪಾಸಣೆಗೆ ಎರಡು ದಿನ ಮುಂಚೆ, ಬೆಳಕು ಹರಿಯುವಾಗ, ಅವಳು ಕಾಡುಗುಲಾಬಿಯ ಹಣ್ಣು ಕೀಳಲೆಂದು ಚೀಲ ತೆಗೆದುಕೊಂಡಳು. ಅಂಗಳದ ಕೊಟ್ಟಿಗೆಯಲ್ಲಿ ಎರಡೂ ಮನೆಯ ಹತಾರಗಳು ಒಂದೇ ಗೋಡೆಗೆ ನೇತಾಡುತ್ತಿದ್ದವು. ಯುಲ್ದಾಶ್‌ನ ಸಣ್ಣ ಕೊಡಲಿಯನ್ನೂ ಗುದ್ದಲಿಯನ್ನೂ ಚೀಲಕ್ಕೆ ಹಾಕಿಕೊಂಡಳು. ಓರಗಿತ್ತಿ ಮಲೋಹತ್ ಅಷ್ಟು ಹೊತ್ತಿಗೇ ಎದ್ದು ಹಸುವಿನ ಕೆಳಗೆ ಕೂತಿದ್ದಳು.

"ಇಷ್ಟು ಬೇಗ ಎಲ್ಲಿಗಕ್ಕಾ? ಮುಳ್ಳೂ ಇನ್ನೂ ಎದ್ದಿರಲ್ಲ."

"ಹಣ್ಣಿಗೆ. ಬಿಸಿಲೇರಿದ್ರೆ ತಲೆ ನೋಯುತ್ತೆ."

"ಈ ವರ್ಷ ಅದನ್ನಾದ್ರೂ ತಿನ್ನೋಣ ಬಿಡಿ. ನಿಮ್ಮ ಮೈದುನ ನಿನ್ನೆ ರಾತ್ರಿ ಕನಸಲ್ಲಿ ಅಕ್ರೋಟು ಒಡೀತಿದ್ರಂತೆ. ಪಕ್ಕದಲ್ಲಿ ಮಲಗಿದ್ದ ನನ್ನ ಮೊಣಕೈ ನೋಯ್ತಿದೆ!"

ಸನೋಬರ್ ನಕ್ಕಳು. ನಗಬೇಕಾದ ಜಾಗ ಎಂದು ಅವಳಿಗೆ ತಿಳಿಯುತ್ತಿತ್ತು.

ದಾರಿಯಲ್ಲಿ ಯಾರೂ ಸಿಗಲಿಲ್ಲ. ಕಾಡಿನಲ್ಲಿ ಎಲೆ ಬೀಳುವುದು ಬಿಟ್ಟರೆ ಸದ್ದಿರಲಿಲ್ಲ. ತನ್ನ ಬೇಲಿ ದಾಟಿ ಮೇಲೆ ಹತ್ತಿದಾಗ ಅವಳಿಗೆ ಎಣಿಸದಿದ್ದದ್ದೊಂದು ಕಂಡಿತು. ನೇಮತ್ ಬಿದ್ದ ಜಾಗದ ಸುತ್ತ ಯಾರೋ ಮೊಣಕಾಲೆತ್ತರದ ಕಲ್ಲಿನ ಕಟ್ಟೆ ಕಟ್ಟಿದ್ದರು, ದನ ತುಳಿಯದಂತೆ, ಜನ ಡೇರೆ ಹಾಕದಂತೆ. ಯುಲ್ದಾಶ್ ಒಬ್ಬನೇ ಕಟ್ಟಿರಬೇಕು. ಕಲ್ಲುಗಳನ್ನು ಒಂದರ ಪಕ್ಕ ಒಂದು ಕೂರಿಸುವ ಅವನ ರೀತಿ ಅವಳಿಗೆ ಗೊತ್ತಿತ್ತು. ಅವನು ಎಂದೂ ಹೇಳಿರಲಿಲ್ಲ. ಅವಳು ಸ್ವಲ್ಪ ಹೊತ್ತು ನಿಂತಳು. ಏನಾದರೂ ಆಗುತ್ತದೆಯೇ ಎಂದು ತನ್ನೊಳಗೆ ಕಾದಳು. ಆಗಲಿಲ್ಲ. ಕಟ್ಟೆ ದಾಟಿ ಮರದ ಬುಡಕ್ಕೆ ಹೋದಳು.

ಮಣ್ಣು ಸಡಿಲವಾಗಿತ್ತು. ಗುದ್ದಲಿಯಿಂದ ಸುತ್ತಲೂ ಕೆದಕಿ, ಬೇರು ಕವಲೊಡೆಯುವ ಜಾಗ ಕಾಣಿಸಿಕೊಂಡ ಮೇಲೆ, ಕೊಡಲಿಯಿಂದ ಮೇಲೊಂದು ಗೆರೆ, ಕೆಳಗೊಂದು ಗೆರೆ ಕಡಿದಳು. ನಡುವಿನ ತೊಗಟೆ ಕುರಿಯ ಚರ್ಮದಂತೆ ಉದ್ದುದ್ದಕ್ಕೆ ಸುಲಿದು ಬಂತು. ಒಳಗಿನ ಮರ ಒದ್ದೆಯಾಗಿ, ಬೆಳ್ಳಗೆ, ನಾಚಿಕೆಪಟ್ಟ ಹಾಗಿತ್ತು. ಸುತ್ತು ಪೂರ್ತಿಯಾದ ಮೇಲೆ ಮಣ್ಣು ಮುಚ್ಚಿದಳು. ತೀರ ಚೆನ್ನಾಗಿ ಮುಚ್ಚಲಿಲ್ಲ. ಮರೆಮಾಚಲು ಹೊರಟವನೊಬ್ಬ ಅವಸರದಲ್ಲಿ ಎಷ್ಟು ಮುಚ್ಚುತ್ತಾನೋ ಅಷ್ಟು. ತೊಗಟೆಯ ಒಂದು ಚೂರು ಎಲೆಗಳ ನಡುವೆ ಉಳಿಯಲು ಬಿಟ್ಟಳು. ಉಳಿದದ್ದನ್ನು ಕಣಿವೆಗೆ ಎಸೆದಳು.

ತೊರೆಯಲ್ಲಿ ಹತಾರ ತೊಳೆದು, ಮೈಕೈ ತೊಳೆದು, ತನ್ನ ಜಾಗಕ್ಕೆ ಇಳಿದು ಚೀಲ ತುಂಬ ಹಣ್ಣು ಕಿತ್ತಳು. ಚಪ್ಪಲಿಯ ಮಣ್ಣು ಕೆರೆದಳು. ಲಂಗದ ಅಂಚಿಗೆ ಅಂಟಿದ್ದ ಚಕ್ಕೆಗಳನ್ನು ಒಂದೊಂದಾಗಿ ಹೆಕ್ಕಿದಳು. ಬಿಸಿಲೇರುವ ಹೊತ್ತಿಗೆ ಕೊಡಲಿಯೂ ಗುದ್ದಲಿಯೂ ತಮ್ಮ ಮೊಳೆಗಳಿಗೆ ಮರಳಿದ್ದವು. ಮಧ್ಯಾಹ್ನ ಹಿಟ್ಟು ನಾದಿ ತಂದೂರಿನಲ್ಲಿ ರೊಟ್ಟಿ ಬಡಿದಳು. ಮಲೋಹತ್ ಪಕ್ಕದಲ್ಲೇ ಕೂತು ಈರುಳ್ಳಿ ಬಿಡಿಸುತ್ತ ಊರ ಸುದ್ದಿ ಹೇಳಿದಳು. ಯಾವುದನ್ನೂ ಮರೆತಿಲ್ಲವೆಂದು ಸನೋಬರ್ ಎರಡೂ ದಿನ ಮನಸ್ಸಿನಲ್ಲೇ ಆ ಬೆಳಗನ್ನು ಮೊದಲಿನಿಂದ ಕೊನೆಯವರೆಗೆ ನಡೆದು ನೋಡಿದಳು. ಪ್ರತಿಸಲವೂ ದಾರಿ ಚೊಕ್ಕಟವಾಗಿತ್ತು.

ತಪಾಸಣೆಯ ದಿನದ ಊಟ ಈ ಸಲ ಅವರ ಅಂಗಳದಲ್ಲೇ ಎಂದು ಮೊದಲೇ ಗೊತ್ತಾಗಿತ್ತು. ಗಂಡಸರು ಬೆಳಿಗ್ಗೆ ಬೆಟ್ಟ ಹತ್ತಿದರು. ಸನೋಬರ್ ಮತ್ತು ಮಲೋಹತ್ ದೊಡ್ಡ ಕಡಾಯಿಯಲ್ಲಿ ಪಲಾವಿಗಿಟ್ಟರು. ಅನ್ನ ಬೆಂದು ಮುಚ್ಚಳ ಹಾಕುವ ಹೊತ್ತಿಗೆ ಅವರು ಇಳಿದು ಬಂದರು. ಹೋಗುವಾಗ ಜೋರಾಗಿ ಮಾತಾಡಿಕೊಂಡು ಹೋದವರು, ಬರುವಾಗ ಒಬ್ಬರ ಹಿಂದೊಬ್ಬರು ಸುಮ್ಮನೆ ಬಂದರು. ಕೆನೆಶ್ ಕುದುರೆಯನ್ನು ಕಟ್ಟಿ, ತೊಗಟೆಯ ಚೂರೊಂದನ್ನು, ಎಲ್ಲರೂ ಊಟಕ್ಕೆ ಕೂರುವ ಅಂಗಳದ ಮಂಚದ ಅಂಚಿನ ಮೇಲಿಟ್ಟ.

"ಏನಾಯ್ತು?" ಎಂದಳು ಮಲೋಹತ್.

ಯುಲ್ದಾಶ್ ಹೇಳಿದ. "ಅಣ್ಣನ ಮರ. ಬುಡ ಸುಲಿದುಬಿಟ್ಟಿದ್ದಾರೆ. ಸುತ್ತಾ."

"ಅಯ್ಯೋ, ಯಾರು?"

"ಅದನ್ನೇ ನಿನ್ನ ಗಂಡನ್ನ ಕೇಳ್ತಿದ್ದೀವಮ್ಮಾ," ಎಂದ ಸಮಿತಿಯ ಒಬ್ಬ. "ಬೇಸಿಗೇಲಿ ಬಂದ ಬಿಳಿ ಕಾರು ಸುಮ್ಮನೆ ಚಹಾ ಕುಡಿಯೋಕೆ ಬಂದಿತ್ತಾ?"

"ಬಾಯಿಗೆ ಬಂದಂಗೆ ಮಾತಾಡಬೇಡಿ!" ಮಲೋಹತ್ ಸೌಟು ಹಿಡಿದೇ ಎದ್ದಳು. "ಅವನ ಚಹಾಕ್ಕೆ ಸಕ್ಕರೆ ಕೂಡ ಹಾಕದೆ ಓಡಿಸಿದ್ದೀನಿ ನಾನು!"

"ಮಲೋಹತ್, ಕೂತ್ಕೊ," ಎಂದ ಯುಲ್ದಾಶ್. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನಾನು ಮಾಡಿಲ್ಲ ಕೆನೆಶ್. ಆದ್ರೆ ಕಾಯಬೇಕಾದೋನು ನಾನೇ. ಕಾಯಿ ಇಲ್ಲ ಅಂತ ಈ ವಾರ ಮೇಲಕ್ಕೆ ಹೋಗೇ ಇರಲಿಲ್ಲ. ಅಣ್ಣನ ಮುಖ ಹೇಗೆ ನೋಡಲಿ ನಾನು?"

ಕೆನೆಶ್ ನಿಟ್ಟುಸಿರಿಟ್ಟ. "ನಿಯಮ ನಿಮಗೂ ಗೊತ್ತು, ಯುಲ್ದಾಶ್ ಅಣ್ಣಾ. ಮಾಡಿದೋರು ಸಿಕ್ಕಿದ್ರೆ ಮಾತು ಬೇರೆ. ಸಿಗದಿದ್ರೆ ಜಾಗ ಕೈ ತಪ್ಪುತ್ತೆ. ನನ್ನ ಕೈಲೇನೂ ಇಲ್ಲ."

"ಹೋಗುತ್ತೆ ಬಿಡು. ಹೋದ್ರೆ ಅತ್ತಿಗೆಗೇ ತಾನೆ? ಮೊದಲಿಂದ ಅವರದೇ ಅದು."

ಸನೋಬರ್ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇದೇ ಮಾತಿಗಾಗಿ ಅವಳು ಎರಡು ವರ್ಷ ಕತ್ತೆಯ ಮೇಲೆ ನೀರು ಹೊತ್ತಿದ್ದಳು. ಈಗ ಒಳಗೆಲ್ಲೋ ಒಂದು ಗಂಟೆ ಬಾರಿಸಬೇಕಿತ್ತು. ಚಹಾ ತಣ್ಣಗಾಗುತ್ತಿದೆ ಎಂಬುದೊಂದೇ ಅವಳಿಗೆ ಹೊಳೆದದ್ದು. ತಟ್ಟೆಯನ್ನು ಮಂಚದ ತುದಿಗಿಟ್ಟು ಹಿಂದಕ್ಕೆ ಹೋದಳು.

"ಅನ್ನ ಬೆಂದ ಮನೇಲಿ ಮೊದಲು ಊಟ," ಎಂದರು ಶೋಕಿರ್ ಅಜ್ಜ. "ತೀರ್ಮಾನ ಆಮೇಲೆ. ಹಸಿದವನ ನ್ಯಾಯ ಖಾರ ಇರುತ್ತೆ ಕಣಪ್ಪಾ."

ಯಾರೋ ಬಲವಂತಕ್ಕೆ ನಕ್ಕರು. ಊಟ ಸಾಗಿತು. ಚಮಚಗಳ ಸದ್ದಷ್ಟೇ. ಸನೋಬರ್ ಅಡುಗೆಮನೆಯಿಂದ ಬಡಿಸಿಕೊಟ್ಟಳು, ಮಲೋಹತ್ ಮುಖ ಊದಿಸಿಕೊಂಡು ಸಾಗಿಸಿದಳು. ತಟ್ಟೆಗಳು ಖಾಲಿಯಾದ ಮೇಲೆ ಯುಲ್ದಾಶ್ ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಅತ್ತಿಗೆ, ನೀವೂ ಬನ್ನಿ. ಗುತ್ತಿಗೆ ನಿಮ್ಮ ಹೆಸರಲ್ಲೂ ಇದೆ. ಮರ ಅಣ್ಣಂದು. ನೀವಿಲ್ಲದೆ ಯಾವ ತೀರ್ಮಾನವೂ ಬೇಡ."

"ಹೌದು ಆಪಾ, ಕೂತ್ಕೊಳ್ಳಿ," ಎಂದ ಕೆನೆಶ್. "ಪಕ್ಕದ ಗುತ್ತಿಗೆದಾರರು ನೀವೇ. ನೀವು ಒಪ್ಪಿದ್ರೆ ತಾನೆ ಜಾಗ ನಿಮಗೆ ಬರೆಯೋದು."

ಅವಳು ಸೆರಗಿನಷ್ಟುದ್ದದ ತಲೆವಸ್ತ್ರವನ್ನು ಸರಿಪಡಿಸಿಕೊಂಡು ಬಂದು, ಮೈದುನನ ಪಕ್ಕದಲ್ಲಿ, ವೃತ್ತದ ಕೊನೆಯಲ್ಲಿ ಕೂತಳು. ಹೇಳಬೇಕಾದ ಮಾತು ಸಿದ್ಧವಿತ್ತು. ಒಲ್ಲೆ ಎಂದು ಒಂದು ಸಲ ಹೇಳುವುದು. ಅವರು ಒತ್ತಾಯಿಸುವುದು. ರೋಬಿಯಾಳ ಹೆಸರು ಹೇಳಿ ತಲೆ ತಗ್ಗಿಸುವುದು.

ಶೋಕಿರ್ ಅಜ್ಜ ಊಟದ ಕೊನೆಯ ಪ್ರಾರ್ಥನೆಗೆ ಅಂಗೈಗಳನ್ನು ಮುಂದೆ ಬಿಚ್ಚಿದರು. ಸುತ್ತ ಕೂತ ಎಲ್ಲರೂ ಬಿಚ್ಚಿದರು. ಅವಳೂ ಬಿಚ್ಚಿದಳು. ಅಜ್ಜನ ದನಿ ನಡುವೆಯೇ ನಿಂತುಹೋಯಿತು. ಎಲ್ಲರೂ ಏನು ನೋಡುತ್ತಿದ್ದಾರೆಂದು ಅವಳೂ ಬಗ್ಗಿ ನೋಡಿದಳು. ಅಕ್ರೋಟಿನ ರಸ ತಾಗಿದರೆ, ಹಸಿ ಸಿಪ್ಪೆಯದಾಗಲಿ ತೊಗಟೆಯದಾಗಲಿ, ಕೈ ಕಪ್ಪಾಗುತ್ತದೆ. ಸಾಬೂನಿಗೂ ಬೂದಿಗೂ ಜಗ್ಗದೆ, ವಾರಗಳಾದ ಮೇಲೆ ಚರ್ಮದೊಂದಿಗೇ ಹೋಗುತ್ತದೆ. ಎರಡು ದಿನ ಅದೇ ಕೈಗಳಲ್ಲಿ ಅವಳು ಬಿಳಿ ಹಿಟ್ಟು ನಾದಿದ್ದಳು. ಪಕ್ಕದಲ್ಲಿ ಕೂತ ಮಲೋಹತ್ ನೋಡಿದ್ದಳು. ಇಬ್ಬರಿಗೂ ಏನೂ ಅನಿಸಿರಲಿಲ್ಲ. ಹುಟ್ಟಿದಾಗಿನಿಂದ ಪ್ರತಿ ಶರತ್ಕಾಲದಲ್ಲಿ ಊರಿನ ಪ್ರತಿಯೊಬ್ಬರ ಕೈಯೂ ಹಾಗೆಯೇ ಇರುತ್ತಿತ್ತು. ಈ ವರ್ಷ ಕಾಯಿ ಇರಲಿಲ್ಲ. ಯುಲ್ದಾಶ್‌ನ ಬಿಳಿಚಿದ ಅಂಗೈಗಳು, ಅಜ್ಜನ ಸುಕ್ಕುಗಟ್ಟಿದ ಅಂಗೈಗಳು, ಕೆನೆಶನ ಲಗಾಮು ಉಜ್ಜಿದ ಅಂಗೈಗಳು, ಸಮಿತಿಯವರೆಲ್ಲರವು, ಆ ತಿಂಗಳಲ್ಲಿ ಎಂದೂ ಇಲ್ಲದಷ್ಟು ಬೆಳ್ಳಗೆ ಆಕಾಶಕ್ಕೆ ಬಿಚ್ಚಿಕೊಂಡಿದ್ದವು. ಅವುಗಳ ಸಾಲಿನ ಕೊನೆಯಲ್ಲಿ, ಮಸಿಯಲ್ಲಿ ಅದ್ದಿ ತೆಗೆದಂತೆ, ಅವಳ ಎರಡು.